ಮಾತಿನ ಬಾಲ

ನಾನು ಮದುವೆಯಾಗಿ ಹೋದ ಮನೆಯಲ್ಲಿ ನೆಗ್ಗದ ಪಾತ್ರೆ ಒಂದೂ ಇರಲಿಲ್ಲ. ಒಂದೊಂದು ನೆಗ್ಗಿಗೂ ಒಂದೊಂದು ಜಗಳ. ಈ ಚೊಂಬು ಮಾವ ಅತ್ತೆಯ ಮೇಲೆ ಎಸೆದದ್ದು, ಈ ತಪೇಲಿ ಭಾವ ತನ್ನ ತಮ್ಮನ ಬೆನ್ನಿಗೆ ಬೀಸಿದ್ದು, ಈ ಕೊಡ ಅತ್ತೆಯೇ ಸಿಟ್ಟಿನಲ್ಲಿ ಅಂಗಳಕ್ಕೆ ಒಗೆದದ್ದು. ಹೊಸ ಸೊಸೆಗೆ ಒಡವೆ ತೋರಿಸುವ ಹಾಗೆ ಅತ್ತೆ ಇವನ್ನೆಲ್ಲ ಒಂದೊಂದಾಗಿ ತೋರಿಸಿದಳು. ಮಾವ ಅಷ್ಟರಲ್ಲಿ ತೀರಿಹೋಗಿದ್ದರು, ಚೊಂಬು ಇನ್ನೂ ಬಳಕೆಯಲ್ಲಿತ್ತು.

ಅದು ತೊಂಬತ್ತರ ದಶಕದ ಶುರು. ನಾನು ಸೊರಡಿಯವಳು. ಕೊಟ್ಟದ್ದು ಜತ್ತದ ಕಡೆಯ ಶೇಗಾಂವಕ್ಕೆ, ಹಿಟ್ಟಿನ ಗಿರಣಿಯವರ ಮನೆಗೆ. ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಬಾಗಿಲು. ಅಣ್ಣತಮ್ಮಂದಿರಿಬ್ಬರು, ಅಂದರೆ ನನ್ನ ಭಾವ ಮತ್ತು ನನ್ನ ಗಂಡ, ಚಡ್ಡಿ ಹಾಕುವ ವಯಸ್ಸಿನಿಂದ ಆ ಕಲ್ಲುಗಳ ಸದ್ದಿನಲ್ಲೇ ಬೆಳೆದವರು. ಇಬ್ಬರ ಕಿವಿಯೂ ಅರ್ಧ ಹೋಗಿತ್ತು. ಅರ್ಧ ಮಾತು ಕೇಳಿಸುತ್ತಿತ್ತು, ಉಳಿದರ್ಧವನ್ನು ತಾವೇ ಹೊಂದಿಸಿಕೊಳ್ಳುತ್ತಿದ್ದರು. ಹಾಗೆ ಹೊಂದಿಸಿಕೊಳ್ಳುವಾಗ ಒಂದು ದಿನವಾದರೂ ಒಳ್ಳೆಯದನ್ನು ಹೊಂದಿಸಿಕೊಂಡದ್ದನ್ನು ನಾನು ಕಾಣಲಿಲ್ಲ.

ಮೊದಲ ದಿನ ಬೆಳಿಗ್ಗೆ ಅಂಗಳದಲ್ಲಿ ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡುತ್ತಿದ್ದರು. ಯಾರೋ ಯಾರನ್ನೋ ಕೊಲ್ಲುತ್ತಿದ್ದಾರೆಂದು ನಾನು ಹಾಸಿಗೆಯಿಂದ ಎದ್ದು ಓಡಿ ಬಂದೆ. ಚಹಾಕ್ಕೆ ಸಕ್ಕರೆ ಹಾಕಿದೆಯೋ ಇಲ್ಲವೋ ಎಂಬ ವಿಚಾರ ಅದು.

ಗಡಿ ಸೀಮೆಯ ನಮ್ಮಂಥ ಮನೆಗಳಲ್ಲಿ ಭಾಷೆಗಳಿಗೂ ಪಾಳಿ ಇರುತ್ತದೆ. ವ್ಯಾಪಾರ ಕನ್ನಡದಲ್ಲಿ, ಸಿಟ್ಟು ದಖನಿ ಉರ್ದುವಿನಲ್ಲಿ, ಸರಕಾರದ ಕೆಲಸ ಮರಾಠಿಯಲ್ಲಿ. ಬೀಸಲಿಕ್ಕೆ ಬಂದ ಪಕ್ಕದೂರು ಯಳವಿಯ ರೈತನ ಜೊತೆ ಕನ್ನಡ ಮಾತಾಡುತ್ತಿದ್ದ ಭಾವನ ಬಾಯಿ ತಮ್ಮನ ಕಡೆ ತಿರುಗಿದ ಕೂಡಲೇ ದಖನಿಯಲ್ಲಿ ಬೈಯುತ್ತಿತ್ತು. ಯಾವ ಮಾತು ಯಾವ ಭಾಷೆಯಲ್ಲಿ ಬಂತು ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ.

ಮದುವೆಯಾಗಿ ಹೋದ ವರ್ಷವೇ ಒಂದು ದೊಡ್ಡ ಹೊಡೆದಾಟ ನೋಡಿದೆ. ಯಳವಿಯ ಆ ರೈತ, ವಯಸ್ಸಾದ ಮನುಷ್ಯ, ಹಣೆಯ ಮೇಲೆ ವಿಭೂತಿ, ಯಾರ ತಂಟೆಗೂ ಹೋಗುವವನಲ್ಲ. ಬೀಸಿದ ಹಿಟ್ಟನ್ನು ಬೊಗಸೆಯಲ್ಲಿ ಹಿಡಿದು ನೋಡಿ ಭಾವನಿಗೆ ಅಂದ: "ಹೊಟ್ಟ ಭಾಳ ಬಂದೈತಲ್ಲೋ ತಮ್ಮಾ." ಹಿಟ್ಟಿನಲ್ಲಿ ಹೊಟ್ಟು ಜಾಸ್ತಿ ಬಂದಿದೆ, ಇನ್ನೊಮ್ಮೆ ಬೀಸು ಎಂದು ಅವನ ಅರ್ಥ. ಭಾವನಿಗೆ ಕೇಳಿಸಿದ್ದು "ಹೊಟ್ಟಿ ಭಾಳ ಬಂದೈತಿ" ಎಂದು. ಅವನ ಹೊಟ್ಟೆಯೂ ಹಾಗೇ ಇತ್ತು, ಅಂಗಿಯ ಗುಂಡಿ ನಿಲ್ಲುತ್ತಿರಲಿಲ್ಲ. ಕೈಯಲ್ಲಿದ್ದ ತಗಡಿನ ಡಬ್ಬಿಯನ್ನು ಬೀಸಿ ಮುದುಕನ ಮೋರೆಗೆ ಹೊಡೆದ. ತುಟಿ ಸೀಳಿ ರಕ್ತ ಎದೆಗೆ ಇಳಿಯಿತು.

ಸಂಜೆಯೊಳಗೆ ಮುದುಕನ ಮಕ್ಕಳು ಬಡಿಗೆ ಹಿಡಿದು ಬಂದರು. ಗಿರಣಿಯ ಮುಂದೆ ಮಾರಾಮಾರಿ. ನನ್ನ ಗಂಡ ಒಬ್ಬನ ಕಿವಿ ಕಚ್ಚಿ ಹಿಡಿದುಕೊಂಡಿದ್ದ, ಬಿಡಿಸಲಿಕ್ಕೆ ಮೂವರು ಬೇಕಾದರು. ಭಾವನ ಹುಬ್ಬು ಒಡೆಯಿತು. ಅತ್ತೆ ನಡುವೆ ನಿಂತು ಎರಡೂ ಕಡೆಯವರ ಹೆಣ ಎತ್ತಿಸುವ ಹಾಗೆ ಬೈಯುತ್ತಿದ್ದಳು. ಎಲ್ಲರೂ ದಣಿದು ಕೂತ ಮೇಲೆ ಯಾರೋ ಕೇಳಿದರು, ಅಜ್ಜ ಅಂದದ್ದಾದರೂ ಏನು ಎಂದು. ಮುದುಕ ಸೀಳಿದ ತುಟಿಯಲ್ಲೇ ಹೇಳಿದ: "ಹೊಟ್ಟ ಅಂದ್ನೆಪ್ಪಾ. ಜ್ವಾಳದ ಹೊಟ್ಟ." ಎಲ್ಲರೂ ನಕ್ಕುಬಿಟ್ಟರು. ರಕ್ತ ಒರೆಸಿಕೊಳ್ಳುತ್ತಾ ನಕ್ಕರು. ಭಾವ ಮತ್ತೊಮ್ಮೆ ಬೀಸಿ ಕೊಟ್ಟ. ನನಗೆ ಮಾತ್ರ ನಗು ಬರಲಿಲ್ಲ. ಇವರು ಇವತ್ತು ನಕ್ಕದ್ದಕ್ಕೇ ನಾಳೆ ಮತ್ತೆ ಹೊಡೆದಾಡುತ್ತಾರೆ ಎಂದು ಮೈಯೆಲ್ಲ ಉರಿಯಿತು.

ನನ್ನ ಪಾಳಿಯೂ ಬಂತು. ತವರಿಗೆ ಹೋಗುವ ವಿಷಯಕ್ಕೆ ನನಗೂ ಗಂಡನಿಗೂ ಹಿಂದಿನ ರಾತ್ರಿ ಮಾತಿಗೆ ಮಾತು ಬೆಳೆದಿತ್ತು. ಮರುದಿನ ಮಧ್ಯಾಹ್ನ ಗಿರಣಿಯ ಬಾಗಿಲಲ್ಲಿ ನಿಂತು ಕೂಗಿ ಹೇಳಿದೆ: "ಬಾವಿಗಿ ಹೋಗ್ತೀನಿ, ನೀರ ತರ್ತೀನಿ, ಒಲಿ ಮ್ಯಾಲ ಸಾರ ಐತಿ ನೋಡ್ಕೋರಿ." ಅವನಿಗೆ ಕೇಳಿಸಿದ್ದು "ಬಾವಿಗಿ ಹೋಗ್ತೀನಿ" ಎಂಬುದಷ್ಟೇ. ಜಗಳವಾಡಿದ ಹೆಂಗಸು ಬಾವಿಗೆ ಹೋಗುತ್ತೇನೆ ಅಂದರೆ ನಮ್ಮ ಕಡೆ ಅರ್ಥ ಬೇರೆ. ಜೋಳದ ಚೀಲ ಕೆಡವಿ ಹಾರಿ ಬಂದವನೇ ನನ್ನ ಎಡಗಿವಿಯ ಮೇಲೆ ಬಿಟ್ಟ. "ಸಾಯಾಕ ಹೊಂಟಿ? ಸಾಯಾಕ?" ಎಂದು ಅಳುವ ದನಿಯಲ್ಲಿ ಕೂಗಿ ಇನ್ನೊಂದು ಬಿಟ್ಟ. ಕಣ್ಣು ಕತ್ತಲೆ ಬಂತು. ಆ ಕಿವಿಯಲ್ಲಿ ಇವತ್ತಿಗೂ ಒಂದು ಸಣ್ಣ ಶಿಳ್ಳೆ ಊದುತ್ತಿರುತ್ತದೆ.

ನಾನು ಹೊಡೆಸಿಕೊಂಡು ಮೂಲೆಯಲ್ಲಿ ಕೂತು ಅಳುವವಳಲ್ಲ. ಒಳಗೆ ಹೋದೆ. ಒಲೆಯಲ್ಲಿ ಕಾದಿದ್ದ, ರೊಟ್ಟಿ ಹಿಡಿಯುವ ಚಿಮಟಾ ತಂದು ಅವನ ಮುಂಗೈಗೆ ಒತ್ತಿ ಹಿಡಿದೆ. ಚರ್ಮ ಸುಟ್ಟ ವಾಸನೆ ಬಂದಾಗಲೇ ಬಿಟ್ಟದ್ದು. ಅದಕ್ಕಾಗಿ ನನಗೆ ಆಗಲೂ ಬೇಸರ ಇರಲಿಲ್ಲ, ಈಗಲೂ ಇಲ್ಲ.

"ಅವನ ಏಟಿನಾಗ ಪ್ರೀತಿ ಇತ್ತವ್ವಾ, ಹೆದರಿ ಹೊಡದಾನ," ಎಂದು ಅತ್ತೆ ನನ್ನ ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುತ್ತಾ ಅಂದಳು.

"ಪ್ರೀತಿ ಇತ್ತಂತ ಏಟ ಹಗರ ಆಗ್ತೈತೇನ್ರಿ?" ಎಂದೆ. ಅವಳು ನೆಗ್ಗಿದ ಚೊಂಬಿನ ಕಡೆ ನೋಡಿದಳು.

ಅವತ್ತು ಸಂಜೆ ಗಿರಣಿ ಬಂದ್ ಆದ ಮೇಲೆ ಗಂಡನನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. "ಎಮ್ಮಿ ತಗೋಬೇಕಾದ್ರ ಮೂಗಿನಿಂದ ಬಾಲದ ತನಾ ಕೈಯಾಡಿಸಿ ನೋಡ್ತೀರಿ. ಮಾತಿಂದು ಯಾಕ ಬರೇ ತಲಿ ಹಿಡಕೊಂಡ ಓಡ್ತೀರಿ? ಬಾಲ ಬರೂ ತನಾ ತಡೀರಿ. ಕೈ ತಡಿಯೂದಿಲ್ಲಂದ್ರ ಕೈ ಮ್ಯಾಲ ಕುಂದ್ರಿ." ಅವನು ಸುಟ್ಟ ಮುಂಗೈಗೆ ಅರಿಶಿನ ಮೆತ್ತಿಕೊಂಡಿದ್ದ. ನಾಚಿಕೆಗೋ ಚೇಷ್ಟೆಗೋ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತ. "ಈಗ ಹೇಳ್," ಎಂದು ನಕ್ಕ. ಅಂದಿನಿಂದ ಮನೆಯಲ್ಲಿ ನನ್ನ ಎದುರು ಹಾಗೇ ಕೂರುತ್ತಿದ್ದ. ಆದರೆ ಬಾಗಿಲು ದಾಟಿ ಗಿರಣಿಗೆ ಹೋದರೆ ಕೈಗಳು ಮತ್ತೆ ಹೊರಗೆ.

ಮಗಳು ಹುಟ್ಟಿದಳು. ಗಿರಣಿಗೆ ಕರೆಂಟಿನ ಮೋಟಾರು ಬಂತು, ಹಳೆಯ ಡೀಸೆಲ್ ಇಂಜಿನ್ನು ಮೂಲೆ ಸೇರಿತು. ಸಾಲೆಗೆ ಹಚ್ಚುವ ವಯಸ್ಸು ಇನ್ನೂ ಆಗಿರದ ಮಗಳಿಗೆ ಅದೇ ಕುದುರೆ. ಅದರ ಮೇಲೆ ಹತ್ತಿ ಕೂತು ಕಾಲು ಬಡಿಯುತ್ತಿದ್ದಳು.

ಆ ದಿನ ಬೆಳಿಗ್ಗೆ ಅವಳು ಮೋಟಾರಿನ ತಿರುಗುವ ಪಟ್ಟಾದ, ಅಂದರೆ ಬೆಲ್ಟಿನ, ಹತ್ತಿರ ಹೋಗಿದ್ದಳು. ಭಾವ ಕಂಡವನೇ ರಟ್ಟೆ ಹಿಡಿದು ಎಳೆದು, "ಇನ್ನೊಮ್ಮಿ ಈ ಕಡೆ ಬಂದ್ರ ಕಾಲ ಮುರೀತೀನಿ" ಎಂದು ಗದರಿದ. ಅವನು ಗದರಿದ್ದು ಸರಿಯೇ. ಆ ಪಟ್ಟಾಕ್ಕೆ ಹೆಂಗಸರ ಸೆರಗು ಸಿಕ್ಕದ್ದನ್ನು ನಾವು ನೋಡಿದ್ದೆವು. ಆದರೆ ನನ್ನ ಗಂಡನಿಗೆ ಮಗಳ ಅಳು ಕೇಳಿಸಿತು, ಕಾಲು ಮುರಿಯುವ ಮಾತು ಕೇಳಿಸಿತು, ಪಟ್ಟಾದ ಸುದ್ದಿ ಕೇಳಿಸಲಿಲ್ಲ. ಮೂಗಿನ ಹೊಳ್ಳೆ ಅರಳಿಸಿಕೊಂಡೇ ಮಧ್ಯಾಹ್ನದ ತನಕ ಬೀಸಿದ.

ಕರೆಂಟು ಹೋಗಿ ಬಂದಿತ್ತು, ಗಿರಣಿ ತುಂಬ ಜನ. ನಾನು ಡಬ್ಬಿಗಳನ್ನು ಪಾಳಿಗೆ ಹಚ್ಚುತ್ತಿದ್ದೆ. ಮಗಳು ಇಂಜಿನ್ನಿನ ಮೇಲೆ ಕೂತು ಬೆಲ್ಲ ನೆಕ್ಕುತ್ತಿದ್ದಳು. ಭಾವ ಹೊರಗಿನಿಂದ ಬಂದ, ಖುಷಿಯಲ್ಲಿದ್ದ. ಮೂಲೆಯ ಕಡೆ ಬೆರಳು ಮಾಡಿ ತಮ್ಮನಿಗೆ ಕೂಗಿ ಹೇಳಿದ: "ಇದನ್ನ ಮಾರ್ತೀನಿ! ಜತ್ತದಾಂವ ಗಿರಾಕಿ ಸಿಕ್ಕಾನ!"

ನಾನು ಪಕ್ಕದಲ್ಲಿದ್ದೆ, ನನಗೆ ಪೂರಾ ಕೇಳಿಸಿತು. ಅಷ್ಟು ದೂರ ಕಲ್ಲಿನ ಹತ್ತಿರ ನಿಂತಿದ್ದ ನನ್ನ ಗಂಡನಿಗೆ ಮುಟ್ಟಿದ್ದು "ಇದನ್ನ ಮಾರ್ತ್" ಎನ್ನುವಷ್ಟು. ಬಾಲವನ್ನು ಕಲ್ಲು ಬೀಸಿ ತಿಂದುಹಾಕಿತು. ಕನ್ನಡದಲ್ಲಿ ಇಂಜಿನ್ನೂ "ಇದು", ಎಳೆಗೂಸೂ "ಇದು". ಕನ್ನಡದಲ್ಲಿ ಮಾರುವುದೆಂದರೆ ಮಾರಾಟ. ದಖನಿಯಲ್ಲಿ ಮಾರುವುದೆಂದರೆ ಹೊಡೆಯುವುದು, ಕೊಲ್ಲುವುದು. ಬೆಳಗಿನಿಂದ ಅವನ ಕಿವಿ ಸಿಟ್ಟಿನ ಭಾಷೆಗೇ ತೆರೆದುಕೊಂಡಿತ್ತು. ಅಣ್ಣನ ಬೆರಳು ಮಗಳ ಕಡೆ ಇತ್ತು.

ಮೋಟಾರಿನ ಹತ್ತಿರ ಬಿದ್ದಿದ್ದ, ನಟ್ಟು ಬಿಚ್ಚುವ ದೊಡ್ಡ ಪಾನಾ ಎತ್ತಿಕೊಂಡ. ನಾನು "ಬ್ಯಾಡಾ" ಎಂದು ಚೀರಿದೆ, ಅದನ್ನೂ ಕಲ್ಲು ತಿಂದಿತು. ಕಬ್ಬಿಣ ಭಾವನ ತಲೆಯ ಎಡಭಾಗಕ್ಕೆ ಬಿತ್ತು. ಹಸಿ ಕುಂಬಳಕಾಯಿ ಒಡೆದ ಹಾಗೆ ಸದ್ದಾಯಿತು. ಅಷ್ಟು ಗದ್ದಲದಲ್ಲೂ ಆ ಸದ್ದು ಎಲ್ಲರಿಗೂ ಕೇಳಿಸಿತು. ಭಾವ ಹಿಟ್ಟಿನ ರಾಶಿಯ ಮೇಲೆ ಬಿದ್ದ. ಬಿಳಿ ಹಿಟ್ಟು ಕೆಂಪು ಕಣಕವಾಗುತ್ತಾ ಹೋಯಿತು.

ನಾನು ಓಡಿ ಮೋಟಾರು ಬಂದ್ ಮಾಡಿದೆ. ಸದ್ದು ನಿಂತ ಮೇಲೂ ನನ್ನ ಗಂಡ ಪಾನಾ ಎತ್ತಿ ಹಿಡಿದು ಕೂಗುತ್ತಲೇ ಇದ್ದ: "ಮೇರಿ ಬೇಟೀಕು ಮಾರ್ತಾ? ಮೇರಿ ಬೇಟೀಕು?" ನನ್ನ ಮಗಳನ್ನು ಹೊಡೀತೀಯಾ ಎಂದು.

ಪಾಳಿಯಲ್ಲಿದ್ದ ಒಬ್ಬ ರೈತ ಎದೆ ಬಡಿದುಕೊಂಡು ಅಂದ: "ಲೇ ಹುಚ್ಚಾ, ಇಂಜಿನ್ ಮಾರ್ತೀನಿ ಅಂದಾನೋ ಅಂವ! ಇಂಜಿನ್!"

ಗಂಡ ಇಂಜಿನ್ನಿನ ಕಡೆ ನೋಡಿದ. ಅದರ ಮೇಲೆ ಮಗಳು ಬಾಯಿ ತುಂಬ ಬೆಲ್ಲ ಇಟ್ಟುಕೊಂಡು ಅಳಲಿಕ್ಕೂ ಮರೆತು ಕೂತಿದ್ದಳು. ಪಾನಾ ಕೈಯಿಂದ ಜಾರಿತು. ಓಡಿಹೋಗಲಿಲ್ಲ. ಅಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ಟೆಂಪೊ ನಿಲ್ಲುವ ಜಾಗದ ತನಕ ತಾನೇ ಹೊತ್ತ. ಮಿರಜದ ದವಾಖಾನೆಯ ಅಂಗಳದಲ್ಲಿ ಪೊಲೀಸರು ಬಂದು ಅವನನ್ನು ಎಬ್ಬಿಸಿಕೊಂಡು ಹೋದಾಗ ಅವನ ಬೆನ್ನ ಮೇಲೆ ಭಾವನ ರಕ್ತ ಒಣಗಿ ಹೆಪ್ಪುಗಟ್ಟಿತ್ತು.

ಭಾವ ಉಳಿದ. ಎಷ್ಟೋ ದಿನಗಳ ಮೇಲೆ ಕಣ್ಣು ಬಿಟ್ಟ, ಜನರನ್ನು ಗುರುತು ಹಿಡಿದ. ಆದರೆ ಮಾತು ಮೊದಲಿನ ಹಾಗೆ ಬರಲಿಲ್ಲ. ಒಂದು ಶಬ್ದ ಬರುತ್ತಿತ್ತು, ನಿಲ್ಲುತ್ತಿತ್ತು, ಬಾಯಿ ಒದ್ದಾಡುತ್ತಿತ್ತು, ಆಮೇಲೆ ಇನ್ನೊಂದು. "ಮಾತು ಒಳಗ ಐತಿ, ದಾರಿ ಕೆಟ್ಟೈತಿ. ಅವಸರ ಮಾಡಬ್ಯಾಡ್ರಿ," ಎಂದು ಡಾಕ್ಟರು ಹೇಳಿದರು. ಅಬ್ಬರಿಸಿದರೆ ಗೋಡೆಯ ಹಿಟ್ಟು ಉದುರುತ್ತಿದ್ದ ಮನುಷ್ಯ ನೀರು ಕೇಳಲಿಕ್ಕೆ ಬೆವರುತ್ತಿದ್ದ.

ಹೇಳಿಕೆ ಬರೆದುಕೊಳ್ಳಲು ಪೊಲೀಸಿನವನು ಬಂದ. ಮರಾಠಿಯವನು, ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಮಂಚದ ಒಂದು ಕಡೆ ನಾನು, ಇನ್ನೊಂದು ಕಡೆ ನೆಗೆಣ್ಣಿ, ಅಂದರೆ ಭಾವನ ಹೆಂಡತಿ. ಅವಳು ಅಷ್ಟು ದಿನಗಳಿಂದ ನನ್ನ ಮುಖ ನೋಡಿರಲಿಲ್ಲ. ಒಮ್ಮೆ ಮಾತ್ರ ಊಟದ ಡಬ್ಬಿಯನ್ನು ನನ್ನ ಎದೆಗೆ ಎಸೆದಿದ್ದಳು. ತಮ್ಮ ಬೇಕೆಂದೇ ಹೊಡೆದ ಎಂದು ಭಾವ ಅಂದರೆ ನನ್ನ ಗಂಡ ವರ್ಷಗಟ್ಟಲೆ ಒಳಗೆ. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಅದೇ ಬೇಕಿತ್ತು. ನಿಜ ಹೇಳುತ್ತೇನೆ, ಹಿಟ್ಟಿನಲ್ಲಿ ಹರಿದ ಆ ರಕ್ತ ನೆನಪಾದಾಗೆಲ್ಲ ನನಗೂ ಅವನು ಅಲ್ಲೇ ಕೊಳೆಯಲಿ ಅನ್ನಿಸುತ್ತಿತ್ತು. ಮಗಳು ಅಪ್ಪ ಎಲ್ಲಿ ಎಂದು ಕೇಳಿದಾಗ ಹಾಗನ್ನಿಸುತ್ತಿರಲಿಲ್ಲ.

"ತ್ಯಾನಂ ಮಾರ್ಲಂ ಕಾ?" ಎಂದು ಪೊಲೀಸಿನವನು ಕೇಳಿದ. ಅವನೇ ಹೊಡೆದನೇ ಎಂದು. ಇಲ್ಲೂ ಅದೇ ಮಾರು.

ಭಾವ ಬಾಯಿ ತೆರೆದ. "ನನ್ನ… ತಮ್ಮ…" ಹಣೆಯ ನರ ಉಬ್ಬಿತು. "ಬೇಕಂತ…" ಎಂದು ನಿಂತ. ಎಂಜಲು ನುಂಗಿದ. "ಹೊಡ್ದ್…"

"ಕೇಳ್ಕೋರಿ! ಬೇಕಂತ ಹೊಡ್ದಾನಂತ ಅಂದ್ರು, ಬರ್ಕೋರಿ!" ಎಂದು ನೆಗೆಣ್ಣಿ ಕೂಗಿದಳು. ಪೊಲೀಸಿನವನು "ಮುದ್ದಾಮ್ ಮಾರ್ಲಂ" ಎಂದು ಮರಾಠಿಯಲ್ಲಿ ಗೊಣಗುತ್ತಾ ಪೆನ್ನು ಕಾಗದಕ್ಕೆ ಇಟ್ಟ.

ನಾನು ಅವನ ಮಣಿಕಟ್ಟನ್ನು ಹಿಡಿದುಬಿಟ್ಟೆ. "ತಡೀರಿ ಸಾಹೇಬ್ರ. ಮಾತಿನ ಬಾಲ ಬಂದಿಲ್ಲ ಇನ್ನಾ."

ಅವನು ಕೈ ಕೊಡವುತ್ತಾ ಇನ್ನೊಂದು ಕೈ ಎತ್ತಿದ. ನೆಗೆಣ್ಣಿ ಮಂಚ ಸುತ್ತಿ ಬಂದು ನನ್ನ ಜಡೆ ಹಿಡಿದು ಎಳೆದಳು. ತಲೆ ಹಿಂದಕ್ಕೆ ಬಿತ್ತು, ಆದರೂ ಮಣಿಕಟ್ಟು ಬಿಡಲಿಲ್ಲ. ಬಾಲ ಯಾವ ಕಡೆ ಹೊರಳುತ್ತದೋ ನನಗೆ ಗೊತ್ತಿರಲಿಲ್ಲ. ಹೊಡ್ದಾನ ಅಂತಲೂ ಬರಬಹುದಿತ್ತು. ಬಂದರೆ ಬರಲಿ, ಪೂರಾ ಬರಲಿ ಎಂಬ ಹಟ. ಮಂಚದ ಮೇಲೆ ಭಾವನ ಬಾಯಿ ಇನ್ನೂ ಒದ್ದಾಡುತ್ತಿತ್ತು. ನಾವು ಮೂವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಆ ಬಾಯಿಯನ್ನೇ ನೋಡುತ್ತಾ ನಿಂತೆವು.

"…ಇಲ್ಲ," ಎಂದ ಭಾವ. "ಬೇಕಂತ… ಹೊಡ್ದಿಲ್ಲ."

ನೆಗೆಣ್ಣಿಯ ಕೈ ನನ್ನ ಜಡೆಯಿಂದ ಸಡಿಲಾಯಿತು. ಗೋಡೆಗೆ ಹಣೆ ಕುಟ್ಟಿಕೊಂಡು ಅತ್ತಳು. ಪೊಲೀಸಿನವನು ಹಾಗೆಯೇ ಬರೆದುಕೊಂಡ. ಹೋಗುವಾಗ ಕೆಂಪಾದ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತಾ ನನ್ನನ್ನು ದುರುಗುಟ್ಟಿ ನೋಡಿದ.

ಕೇಸು ಹಗುರಾಯಿತು. ಗಂಡ ಒಂದಷ್ಟು ಕಾಲ ಒಳಗಿದ್ದು ಮನೆಗೆ ಬಂದ. ಬಂದ ದಿನವೇ ಕಲ್ಲು ಕಟೆಯುವ ಸುತ್ತಿಗೆ ತಗೊಂಡು ಆ ಹಳೆಯ ಇಂಜಿನ್ನಿಗೆ ಬಡಿಯಲಿಕ್ಕೆ ಶುರು ಮಾಡಿದ. ಅಂಗೈ ಒಡೆದು ಸುತ್ತಿಗೆಯ ಹಿಡಿ ಜಾರುವ ತನಕ ಬಡಿದ. ಎರಕದ ಕಬ್ಬಿಣ, ಒಂದು ಚೂರೂ ಒಡೆಯಲಿಲ್ಲ. ಯಾರೂ ಅವನನ್ನು ತಡೆಯಲಿಲ್ಲ, ನಾನೂ ತಡೆಯಲಿಲ್ಲ.

ಅಂಗಳದ ಆಚೆಯ ಖೋಲಿಯಲ್ಲಿ ಭಾವ ಮಲಗಿರುತ್ತಿದ್ದ. ನೆಗೆಣ್ಣಿ ಬಹಳ ದಿನ ನನ್ನ ಗಂಡನನ್ನು ಹೊಸ್ತಿಲು ಹತ್ತಗೊಡಲಿಲ್ಲ. ಒಮ್ಮೆ ಚಪ್ಪಲಿಯಿಂದ ಹೊಡೆದಳು. ಅವನು ತಲೆ ಬಗ್ಗಿಸಿ ಹೊಡೆಸಿಕೊಂಡ, ಮರುದಿನ ಮತ್ತೆ ಹೋಗಿ ನಿಂತ. ಕೊನೆಗೊಂದು ಸಂಜೆ ಅವಳೇ, "ಬಾ ಒಳಗ. ಕೈ ಮಾತ್ರ ನನಗ ಕಾಣಬಾರದು ನೋಡು," ಅಂದಳು.

ಅವನು ಚಾಪೆಯ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಅವತ್ತಿನಿಂದ ಗಿರಣಿ ಬಂದ್ ಆದ ಮೇಲೆ ದಿನವೂ ಅದೇ. ಭಾವ ಒಂದು ಶಬ್ದ ಹೇಳಿ ನಿಲ್ಲುತ್ತಿದ್ದ. ಮುಂದಿನ ಶಬ್ದವನ್ನು ತಾನೇ ಎತ್ತಿ ಕೊಡಬೇಕೆಂದು ಇವನ ತುಟಿ ಕುಣಿಯುತ್ತಿತ್ತು, ಕುತ್ತಿಗೆಯ ನರ ಬಿಗಿಯುತ್ತಿತ್ತು. ಮೊದಮೊದಲು ಎತ್ತಿ ಕೊಡುತ್ತಲೂ ಇದ್ದ. ಆಗ ಭಾವ ಮುಖವನ್ನು ಗೋಡೆಗೆ ತಿರುಗಿಸಿ ಮಲಗಿಬಿಡುತ್ತಿದ್ದ, ಆ ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹೀಗೆ ಗೋಡೆ ನೋಡಿ ನೋಡಿಯೇ ನನ್ನ ಗಂಡ ಕಲಿತ. ಜೋಳದ ಸುದ್ದಿ, ಮಳೆಯ ಸುದ್ದಿ, ಸತ್ತ ಅಪ್ಪನ ಸುದ್ದಿ, ಒಂದೊಂದು ಮಾತಿನ ತುದಿ ಬರುವ ತನಕ ಕೂರುವುದನ್ನು ಕಲಿತ. ಗಿರಣಿಗೆ ಬಂದವರ ಮುಂದೆಯೂ ಮೋಟಾರು ನಿಲ್ಲಿಸಿ, "ಇನ್ನೊಮ್ಮಿ ಹೇಳ್ರಿ ಕಾಕಾ," ಅನ್ನುತ್ತಿದ್ದ.

ಆದರೆ ಅವನು ಕಾಯುತ್ತಿದ್ದ ಮಾತು ಜೋಳದ್ದಲ್ಲ. ಅದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಕೇಳಿರಲಿಲ್ಲ, ಭಾವ ಹೇಳಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಮಗಳು ಸಾಲೆಯಲ್ಲಿ ಮೇಲಿನ ತರಗತಿಗೆ ಬಂದಿದ್ದಳು. ಒಂದು ಸಂಜೆ ನಾನು ಭಾವನಿಗೆ ಚಹಾ ತಗೊಂಡು ಹೋಗಿ ಹೊಸ್ತಿಲಲ್ಲಿ ನಿಂತಿದ್ದೆ. ನೆಗೆಣ್ಣಿ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಭಾವ ತಮ್ಮನ ಕಡೆ ತಿರುಗಿ ನೆಟ್ಟಗೆ ನೋಡಿದ.

"ನಿನಗ…" ಎಂದ. "ನಾ…"

ಗಂಡ ಮುಂದಕ್ಕೆ ಬಾಗಿದ.

"ಮಾಫ್… ಮಾಡಿ…"

ಗಂಡನ ಮುಖ ಅರಳಿತು. ಕಣ್ಣು ತುಂಬಿ ಬಂತು. ನನಗೆ ಅವನ ಸ್ವಭಾವ ಗೊತ್ತು, ಈಗ ಎದ್ದು ಅಣ್ಣನ ಕಾಲು ಹಿಡಿಯುತ್ತಾನೆ, ಇಷ್ಟಕ್ಕೇ ಓಡುತ್ತಾನೆ ಎಂದುಕೊಂಡೆ. ಚಹಾದ ಕಪ್ಪುಬಸಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮಾಫ್ ಮಾಡೀನಿ ಅನ್ನಲಿ ದೇವರೇ ಎಂದು ನಾನೂ ಬೇಡಿಕೊಂಡೆ. ಅವನು ಏಳಲಿಲ್ಲ. ಕೈಗಳನ್ನು ಇನ್ನಷ್ಟು ಒಳಗೆ ಒತ್ತಿ ಕೂತ. ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತಿತ್ತು.

"…ಇಲ್ಲ," ಎಂದ ಭಾವ.

ಗಂಡ ಅಲುಗಾಡಲಿಲ್ಲ. ಇನ್ನೇನಾದರೂ ಇದೆಯೋ ಎಂದು ಅಣ್ಣನ ಬಾಯಿಯನ್ನೇ ನೋಡಿದ. ಭಾವ ತುಟಿ ಮುಚ್ಚಿ ಕಣ್ಣು ಮುಚ್ಚಿಕೊಂಡ.

"ಹೂಂ ಭಾಯಿ," ಎಂದ ನನ್ನ ಗಂಡ. "ಕೇಳಿಸ್ತು."

ಅಂಗಳ ದಾಟಿ ಮನೆಗೆ ಬಂದೆವು. ಅವನ ಕೈಗಳ ಹಿಂಬದಿಯಲ್ಲಿ ಚಾಪೆಯ ಗೆರೆಗಳು ಕೆಂಪಗೆ ಮೂಡಿದ್ದವು. ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ ಕೇಳಿದ: "ನೀ ಅಲ್ಲೇ ಇದ್ದೆಲ್ಲ. ನನ್ನ ಕಿವಿ ಕೆಟ್ಟಾವು. ನನಗ ಬರೋಬ್ಬರಿ ಕೇಳಿಸ್ತೇನು?"

"ಬರೋಬ್ಬರಿ ಕೇಳಿಸೈತಿ ನಿಮಗ," ಎಂದೆ.